ಪಾರಣೆಯ ಮುಂಜಾನೆ

ರೂಪಾಲಿ ಗಂಡನ ಮುಂದೆ ತಟ್ಟೆ ಇಡುವ ಮೊದಲೇ ಅತ್ತೆ ಪದ್ಮವ್ವ ಅದನ್ನು ಕಸಿದುಕೊಂಡು ಮೂಸಿ ನೋಡಿದಳು. ಅನ್ನ, ಬೇಳೆಸಾರು, ಚಪಾತಿ. ಕೆಟ್ಟ ವಾಸನೆ ಏನೂ ಇಲ್ಲ. ವಿಷ ಹಾಕುವವರೇನು ವಾಸನೆ ಬರುವಂಥದ್ದು ಹಾಕುತ್ತಾರೆಯೇ!

ಮಗ ಅಭಿನಂದನನಿಗೆ ಎರಡು ವರ್ಷದಿಂದ ಕರುಳಿನಲ್ಲಿ ಹುಣ್ಣು. ಮೂರು ವಾರದಿಂದ ಚಿಕ್ಕೋಡಿಯ ದೊಡ್ಡ ಡಾಕ್ಟರ ಗುಳಿಗೆ ನಡೆದಿತ್ತು, ಊಟವಾದ ಮೇಲೆ ದಿನಕ್ಕೊಂದು. ಆದರೂ ಈಗ ಹತ್ತು ದಿನದಿಂದ ಹೊಸದೊಂದು ನೋವು. ಉಂಡು ಎದ್ದನೆಂದರೆ ಎದೆಯ ಕೆಳಗೆ ಹುಟ್ಟಿ ಬೆನ್ನಿಗೆ ಇರಿಯುತ್ತಿತ್ತು, ಕೂಡಲೇ ವಾಂತಿ.

ಅಷ್ಟಮಿ, ಚತುರ್ದಶಿ ಬಂದರೆ ಮಾತ್ರ ಅವನಿಗೆ ಒಂದಿಷ್ಟು ಹಗುರ. ಆ ದಿನ ಬಸದಿಗೆ ಹೋಗಿಬಂದು ನಿರಾಹಾರ, ಬಾಯಿಗೆ ಏನೂ ಹಾಕುವಂತಿಲ್ಲ. ಮರುದಿನ ಸೊಸೆ ಬಡಿಸಿದಳೋ, ಮತ್ತೆ ಅದೇ ಕಥೆ. ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

"ಅತ್ತಿ, ಉಂಡ ದಿನಾನ ನೋವು ಬರತೈತಿ, ಅದನ್ನ ನಾನೂ ನೋಡಾಕತ್ತೇನ್ರಿ," ಅಂದಳು ರೂಪಾಲಿ. "ಡಾಕ್ಟರು ಊರಾಗಿಲ್ಲ. ಸೋಮವಾರ ಬರ್ತಾರಂತ, ಕೇಳೂಣ್ರಿ."

"ಕಳ್ಳಿಗೇ ಪೊಲೀಸರನ್ನ ಕರಿಯೋ ಅವಸರ ನೋಡು! ನಡಿ ನಿನ್ನ ತವರಿಗೆ."

ಆ ಗುರುವಾರ ಸಂಜೆಯೇ ರೂಪಾಲಿ ಅಳುತ್ತ ತವರೂರು ಭೋಜದ ಬಸ್ಸು ಹತ್ತಿದಳು. "ಆಕಿ ಅಂಥಾಕಿ ಅಲ್ಲ ಬೇ ಅವ್ವಾ," ಅಂದ ಮಗನ ಮಾತು ಯಾರ ಕಿವಿಗೆ ಬಿತ್ತು? ಹೊಟ್ಟೆಯೊಳಗಿನ ಪಾಪವೆಲ್ಲ ತೊಳೆದುಹೋಗಲಿ ಎಂದು ಪದ್ಮವ್ವ ಅವನನ್ನು ಮೂರು ದಿನದ ಉಪವಾಸಕ್ಕೆ ಕೂರಿಸಿದಳು. ಬರೀ ಕಾಸಿದ ನೀರು.

ರವಿವಾರ ಮಗ ತಾನಾಗಿಯೇ ಎದ್ದು ಬಸದಿಗೆ ನಡೆದುಹೋದ. ಬಂದು ನಕ್ಕ. ಪದ್ಮವ್ವನಿಗೆ ಕಣ್ಣು ತುಂಬಿ ಬಂತು.

ಸೋಮವಾರ ಮುಂಜಾನೆ ಪಾರಣೆ, ಉಪವಾಸ ಬಿಡುವ ಹೊತ್ತು. ಹೆಸರುಬೇಳೆಯ ಗಂಜಿ ಒಲೆಯ ಮೇಲಿತ್ತು. ಅಷ್ಟರಲ್ಲಿ ಫೋನು.

"ಅತ್ತಿ, ನಿಮ್ಮ ಕಾಲಿಗೆ ಬೀಳತೇನ್ರಿ, ಅವರಿಗೆ ಅದನ್ನ ಕೊಡಬ್ಯಾಡ್ರಿ..."

"ನನ್ನ ಮಗಗ ಏನ್ ಕೊಡಬೇಕಂತ ನನಗ ಗೊತ್ತೈತಿ!"

ಪದ್ಮವ್ವ ಫೋನು ಬಂದ್ ಮಾಡಿ ಅಕ್ಕಿ ಡಬ್ಬಿಯೊಳಗೆ ತುರುಕಿದಳು. ಮಗನ ಫೋನನ್ನೂ ಬಿಡಲಿಲ್ಲ. ಹೊಟ್ಟೆಕಿಚ್ಚು, ಬೇರೇನು! ಆಮೇಲೆ ಒಂದೊಂದೇ ಚಮಚ ತಾನೇ ಉಣ್ಣಿಸಿದಳು. ಬಾಯಿ ಒರೆಸಿದಳು. ಗುಳಿಗೆಯನ್ನೂ ತಾನೇ ನಾಲಿಗೆಯ ಮೇಲಿಟ್ಟು ನೀರು ಕುಡಿಸಿದಳು. ಹೆತ್ತ ಕೈಯಲ್ಲಿ ಎಲ್ಲಿಯ ವಿಷ?

ಮಧ್ಯಾಹ್ನಕ್ಕೆ ಅಭಿನಂದನ ನೆಲ ಹಿಡಿದು ಹೊರಳಿದ. ಮೂರು ದಿನ ಆಸ್ಪತ್ರೆಯ ಗಾಜಿನ ಬಾಗಿಲ ಆಚೆ ಇದ್ದ. ಗುರುವಾರ ನಸುಕಿಗೆ ಹೋಗಿಬಿಟ್ಟ.

"ಸೊಸಿ ಮನ್ಯಾಗ ಇರಲಿಲ್ರಿ! ನಾನ ಮಾಡಿ, ನಾನ ಉಣ್ಣಿಸೀನಿ. ಹಂಗಾರ ನನ್ನ ಮಗ ಯಾಕ ಹೋದನ್ರೀ?" ಪದ್ಮವ್ವ ಡಾಕ್ಟರ ಕೈ ಹಿಡಿದು ಗೋಗರೆದಳು.

ಡಾಕ್ಟರು ಆಕೆಯನ್ನು ಬೆಂಚಿನ ಮೇಲೆ ಕೂರಿಸಿದರು. "ಊಟದಾಗ ಏನೂ ಇರಲಿಲ್ಲ ಯವ್ವಾ. ನಾ ಕೊಟ್ಟ ಗುಳಿಗಿ ಅಪರೂಪಕ್ಕ ಒಬ್ಬೊಬ್ಬರಿಗೆ ಹೊಟ್ಟಿ ಹಿಂದಿನ ಮೇದೋಜೀರಕ ಗ್ರಂಥಿ ಸುಡತೈತಿ. ಇನ್ನ ಒಂದು ಗುಳಿಗೀನೂ ಕೊಡಬ್ಯಾಡ್ರಿ ಅಂತ ಸೋಮವಾರ ಮುಂಜಾನೆನ ನಿಮ್ಮ ಸೊಸಿಗೆ ಹೇಳಿದ್ದೆ. ಆಕಿ ನಿಮಗ ಫೋನ್ ಮಾಡ್ಲಿಲ್ಲೇನ್ರಿ?"