ಒಪ್ಪಂದದ ಪಡೆ

ಜೀಪು ಫೋರ್‌ಮನ್ನನ ಮನೆ ಮುಂದೆಯೇ ನಿಂತಿತು. ಕೋವಿ ಹಿಡಿದ ಇಬ್ಬರು ಇಳಿದರು. ಅವರ ಹಿಂದೆ ದುಭಾಷಿ.

"ಬಾಯ್ಲರ್ ಫೋರ್‌ಮನ್ ನೀವೇ ಅಲ್ವಾ? ಹೊರಡಿ."

ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. "ಯಾಕೆ? ಏನ್ ಮಾಡಿದ್ದಾರೆ ಇವರು?"

"ನನಗೂ ಹೇಳಿಲ್ಲಮ್ಮ."

ಫೋರ್‌ಮನ್ನನಿಗೆ ಮಾತ್ರ ಗೊತ್ತಿತ್ತು. ಪರದೇಶದ ಪಡೆ ಹಡಗಿನಿಂದ ಇಳಿದು ಊರಿನ ವಿದ್ಯುತ್ ಸ್ಥಾವರಕ್ಕೆ ನುಗ್ಗಿದ ದಿನ ಗೇಟಿನಲ್ಲಿ ನೂಕಾಟವಾಗಿತ್ತು. ಆಗ ಅವನು ಒಬ್ಬ ಸೈನಿಕನ ಕೊರಳಪಟ್ಟಿ ಹಿಡಿದಿದ್ದ. ಪಕ್ಕದಲ್ಲಿದ್ದ, ಟರ್ಬೈನ್ ವಿಭಾಗದ ಗೆಳೆಯ ಗುಂಡು ತಗುಲಿ ಬಿದ್ದಮೇಲೆಯೇ ಕೈ ಬಿಟ್ಟದ್ದು. ಗೆಳೆಯ ಮತ್ತೆ ಏಳಲಿಲ್ಲ. ಇವತ್ತು ತನ್ನ ಸರದಿ.

ದೇಶದೇಶಗಳು ಸೇರಿ ಮಾಡಿಕೊಂಡ ಹವಾಮಾನ ಒಪ್ಪಂದಕ್ಕೆ ಇಲ್ಲಿನ ಸರ್ಕಾರವೂ ಸಹಿ ಹಾಕಿತ್ತು. ಗಡುವು ಮುಗಿದರೂ ಕಲ್ಲಿದ್ದಲು ಸುಡುವುದು ನಿಂತಿರಲಿಲ್ಲ. ನಿಲ್ಲಿಸಲು ಒಪ್ಪಂದದ ಪಡೆ ಬಂತು. ಉರಿಯುವ ಬಾಯ್ಲರನ್ನು ಫೋರ್‌ಮನ್ನನೇ ಆರಿಸಬೇಕಾಯಿತು, ಬೆನ್ನಿಗೆ ಕೋವಿ ಮುಟ್ಟಿಸಿಕೊಂಡು.

ಆ ಸಂಜೆ ಅವನು ಮನೆಯಲ್ಲಿ ಕೂಗಾಡಿದ್ದ. ಮಕ್ಕಳ ವಾರ್ಡಿನಲ್ಲಿ ನರ್ಸಾಗಿದ್ದ ಮಗಳು ಸುಮ್ಮನಿರಲಿಲ್ಲ.

"ಸಮುದ್ರ ಮೀನುಗಾರರ ಬೀದೀನೇ ನುಂಗಿಬಿಡ್ತು. ನಮ್ಮ ವಾರ್ಡಲ್ಲಿ ಉಸಿರಾಡೋಕಾಗದ ಮಕ್ಕಳು. ಯಾರಾದ್ರೂ ಬಂದು ನಿಲ್ಲಿಸಲೇಬೇಕಿತ್ತಪ್ಪ."

"ಅದಕ್ಕೆ ಕೋವಿ ಹಿಡ್ಕೊಂಡು ಬರೋದಾ?"

"ಕೈಮುಗಿದು ಕೇಳಿದ್ರೆ ನೀವು ಆರಿಸ್ತಿದ್ರಾ?"

ಅವನು ಚಪ್ಪಲಿ ಮೆಟ್ಟಿ ಹೊರಗೆ ನಡೆದಿದ್ದ.

ಆಮೇಲೆ, ಕರೆಂಟಿಲ್ಲದ ಆಸ್ಪತ್ರೆಯ ಜನರೇಟರಿಗೆ ಡೀಸೆಲ್ ಬರುವುದೂ ನಿಂತಿತು. ಉಸಿರಿನ ಯಂತ್ರಗಳು ಸತ್ತವು. ನರ್ಸುಗಳು ಸರದಿಯ ಮೇಲೆ ರಬ್ಬರ್ ಚೀಲ ಒತ್ತಿ ಕೂಸುಗಳಿಗೆ ಗಾಳಿ ಕೊಡತೊಡಗಿದರು. ಮಗಳು ಮನೆಗೆ ಬಂದರೆ ಬೆರಳು ಮಡಚಲಾಗುತ್ತಿರಲಿಲ್ಲ. ತಾಯಿಯೇ ತುತ್ತು ಮಾಡಿ ತಿನ್ನಿಸುತ್ತಿದ್ದಳು.

"ಈಗಲೂ ಸರಿ ಅಂತೀಯಾ?" ಅಪ್ಪ ಕೇಳಿದ್ದ.

"ಸರೀನೇ," ಎಂದಿದ್ದಳು ತಟ್ಟೆ ನೋಡುತ್ತ. "ಆದ್ರೆ ಇವತ್ತು ಒಂದು ಕೂಸು ನನ್ನ ಕೈಯಲ್ಲೇ ಹೋಯ್ತಪ್ಪ."

ಫೋರ್‌ಮನ್ನನನ್ನು ಹೊತ್ತ ಜೀಪು ಸ್ಥಾವರದೊಳಗೆ ಬಂತು. ಅಂಗಳದ ತುಂಬ ಪಡೆಯ ಡೇರೆಗಳು. ಕಂಟ್ರೋಲ್ ರೂಮಿನಲ್ಲಿ ಅಧಿಕಾರಿ ಬೆವರು ಒರೆಸಿಕೊಳ್ಳುತ್ತ ಕೂತಿದ್ದ. ಕೊರಳಪಟ್ಟಿಯ ಸುದ್ದಿಯನ್ನೇ ಎತ್ತಲಿಲ್ಲ. ಅವನು ಆಡಿದ್ದನ್ನು ದುಭಾಷಿ ತಿರುಗಿಸಿ ಹೇಳಿದ:

"ತಣ್ಣಗಾದ ಬಾಯ್ಲರನ್ನ ಮತ್ತೆ ಹೊತ್ತಿಸೋಕಾಗುತ್ತಾ?"

ಫೋರ್‌ಮನ್ನನಿಗೆ ಪ್ರಶ್ನೆಯ ಒಳಗುಟ್ಟು ಹೊಳೆದಂತಾಯಿತು. ಆಗುತ್ತದೆ ಎಂದರೆ ಇವರು ಡೈನಮೈಟು ಇಟ್ಟು ಅದನ್ನು ಒಡೆದುಹಾಕುವುದು ಖಂಡಿತ.

"ಆಗಲ್ಲ. ಅದರ ಕಥೆ ಮುಗೀತು."

ಅಧಿಕಾರಿಯ ಮುಖ ಸಪ್ಪಗಾಯಿತು. ಮೇಜು ಗುದ್ದಿದ.

"ನಿಜ ಹೇಳಬೇಕಂತೆ," ಎಂದ ದುಭಾಷಿ. "ನಿಮ್ಮ ಮನೆಯವರನ್ನೂ ಕರೆಸಬೇಕಾಗುತ್ತೆ ಅಂತಿದ್ದಾರೆ."

ಫೋರ್‌ಮನ್ ಕೈ ಜೋಡಿಸಿದ. "ಆಗುತ್ತೆ. ನನ್ನ ಕೈಯಿಂದ ಆಗುತ್ತೆ. ಒಡೆಯೋದಾದ್ರೆ ಒಡೆದುಹಾಕಿ, ನಾನು ಅಡ್ಡ ಬರಲ್ಲ. ಮನೆಯವರನ್ನ ಮುಟ್ಟಬೇಡಿ."

ದುಭಾಷಿ ಅದನ್ನು ತಿರುಗಿಸಿದ. ಅಧಿಕಾರಿ ನಕ್ಕುಬಿಟ್ಟ.

"ಒಡೆಯೋಕಲ್ಲವಂತೆ. ಹೊತ್ತಿಸೋಕೆ."

ಫೋರ್‌ಮನ್ನನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಕಣ್ಣು ತುಂಬಿಬಂತು. ದಿನವೂ ಆ ವಾರ್ಡಿನ ಸುದ್ದಿ ಇವರ ಕಿವಿಗೂ ಬಿದ್ದಿರಬೇಕು. ಇವರೂ ಮಕ್ಕಳೊಂದಿಗರೇ ಅಲ್ಲವೇ?

ಅವನು ಅಂಗಿಯ ತೋಳು ಮಡಚಿಕೊಂಡು ಹೊರಟ. ಪಡೆಯ ಜನರೇಟರಿನಿಂದ ಪಂಪುಗಳಿಗೆ ಕರೆಂಟು ಕೊಡಿಸಿದ. ತೊಟ್ಟಿಯಲ್ಲಿ ಉಳಿದಿದ್ದ ಎಣ್ಣೆಯಿಂದ ಬರ್ನರು ಹೊತ್ತಿಸಿ ಕಲ್ಲಿದ್ದಲಿಗೆ ಬೆಂಕಿ ಹಿಡಿಸಿದ. ಸೈನಿಕರನ್ನೇ ಗದರಿಸಿ ಕೆಲಸ ಮಾಡಿಸಿದ, ಊಟವನ್ನೂ ಮರೆತ. ಬಿಸಿಲು ಇಳಿಯುವ ಹೊತ್ತಿಗೆ ಉಗಿ ಕಟ್ಟಿತು, ಟರ್ಬೈನ್ ತಿರುಗಿತು, ಚಿಮಣಿಯಿಂದ ಕಪ್ಪು ಹೊಗೆ ಎದ್ದಿತು.

ಗೋಡೆಯಾಚೆ ಗದ್ದಲ ಕೇಳಿಸಿತು. ಹೊಗೆ ಕಂಡ ಜನ ಬೀದಿಗಿಳಿದು ಕೇಕೆ ಹಾಕುತ್ತಿದ್ದರು. ಈ ಹೊತ್ತಿಗೆ ಮಗಳೂ ಚೀಲ ಒತ್ತುತ್ತಲೇ ಕಿಟಕಿಯತ್ತ ನೋಡಿರುತ್ತಾಳೆ ಎಂದುಕೊಂಡ. ಎಷ್ಟಾದರೂ ವಾದ ಮಾಡಲಿ, ಈಗ ಅವಳಿಗೂ ಜೀವ ಬಂದಂತಾಗಿರುತ್ತದೆ.

ಊರಿನ ಲೈನಿನ ಸ್ವಿಚ್ಚಿಗೆ ಕೈ ಚಾಚಿದ. ಸೈನಿಕನೊಬ್ಬ ಆ ಕೈ ಹಿಡಿದುಕೊಂಡ.

"ಅದಲ್ಲ," ಎಂದ ದುಭಾಷಿ. "ಶಿಬಿರದ್ದು ಮಾತ್ರ."

"ಆಸ್ಪತ್ರೆಗೆ?"

ದುಭಾಷಿ ಅವನ ಮುಖ ನೋಡಲಾರದೆ ನೆಲ ನೋಡಿದ.

"ಊರಿಗೆ ಕೊಟ್ರೆ ಒಪ್ಪಂದ ಮುರಿದ ಹಾಗಾಗುತ್ತಂತೆ. ಸೇನೆಯ ಹೊಗೆ ಒಪ್ಪಂದದ ಲೆಕ್ಕಕ್ಕೆ ಬರಲ್ಲವಂತೆ."