ಮೇಸ್ತ್ರಿಯ ಲೋಟ

ಎಲ್ಲರ ಲೋಟವೂ ತುಂಬಿತ್ತು, ವೆಲ್ಡಿಂಗ್ ಮೇಸ್ತ್ರಿ ಮಾನ್‌ಸಿಕ್‌ನದು ಮಾತ್ರ ಖಾಲಿ. ಅಲ್ಲಿನ ರೂಢಿಯಲ್ಲಿ ತನ್ನ ಲೋಟಕ್ಕೆ ತಾನೇ ಸೋಜು ಮದ್ಯ ಸುರಿದುಕೊಳ್ಳುವ ಹಾಗಿಲ್ಲ, ಜೊತೆಯಲ್ಲಿ ಕೂತವರು ಸುರಿಯಬೇಕು. ಜೊತೆಯವರೆಲ್ಲ ಕೆಂಡದ ಮೇಲಿನ ಹಂದಿಮಾಂಸ ಮಗುಚುವುದರಲ್ಲೇ ಮುಳುಗಿದ್ದರು. ಅದು ಆಗಲೇ ಸೀದುಹೋಗಿತ್ತು.

ಆ ದಿನ ಹಡಗು ಕಾರ್ಖಾನೆಯವರು ಕೆಲಸದಿಂದ ತೆಗೆದದ್ದು ದೊಕ್ಸುವನ್ನು. ಮಾನ್‌ಸಿಕ್‌ನ ಓರಗೆಯವನು, ಒಂದೇ ಬೆಂಚಿನಲ್ಲಿ ಕೂತು ಓದಿದವನು. ಹೊಸ ಹಡಗಿನ ಆರ್ಡರ್ ಬರುತ್ತೋ ಇಲ್ಲವೋ ಅಂತ ಎಲ್ಲರೂ ಹೆದರಿದ್ದಾಗ ಅವನಿಗೆ ಉಲ್ಸಾನ್‌ನಲ್ಲಿ ಬೇರೆ ಕೆಲಸ ಸಿಕ್ಕಿತ್ತು. "ಎಲ್ಲಿಗೋ ಹೋಗ್ತೀಯ? ನಾನಿದ್ದೀನಲ್ಲ, ಯಾರ ಕೆಲಸಾನೂ ಹೋಗಲ್ಲ," ಅಂದಿದ್ದ ಮಾನ್‌ಸಿಕ್. ಅದನ್ನು ನಂಬಿ ದೊಕ್ಸು ಉಳಿದುಕೊಂಡಿದ್ದ. ನಿಜಕ್ಕೂ ಮಾನ್‌ಸಿಕ್‌ಗೇನೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಲು ಮೇಸ್ತ್ರಿಗೆ ಬಾಯಿ ಬಂದಿರಲಿಲ್ಲ.

"ನಂಗೂ ಗೊತ್ತಿರ್ಲಿಲ್ಲ ಕಣೋ ದೊಕ್ಸು," ಅಂದ ಈಗ.

ಎದುರಿಗಿದ್ದ ದೊಕ್ಸು ಸೋಜು ಬಾಟಲಿ ಎತ್ತಿಕೊಂಡ. ಮಾನ್‌ಸಿಕ್‌ಗೆ ಹೋದ ಜೀವ ಬಂದಂತಾಯಿತು, ಒಂದೇ ಕೈಯಲ್ಲಿ ಲೋಟ ಚಾಚಿದ. ಇನ್ನೀಗ ದೊಕ್ಸುವೂ ಎಂದಿನಂತೆ ಒಂದೇ ಕೈಯಲ್ಲಿ, ಗಿಡ್ಡ ಮೇಜಿಗೆಲ್ಲ ಚೆಲ್ಲಿಕೊಂಡು ಸುರಿದು, "ಕುಡಿದು ಸಾಯೋ, ಕತ್ತೆ" ಅನ್ನುತ್ತಾನೆ. ಅನ್ನಲಿ, ಇವತ್ತು ಇನ್ನೂ ನಾಲ್ಕು ಮಾತು ಹೆಚ್ಚೇ ಅನ್ನಲಿ.

ದೊಕ್ಸು ಚಾಪೆಯ ಮೇಲೆ ಮಂಡಿಯೂರಿದ. ಬಾಟಲಿ ಹಿಡಿದ ಬಲಗೈಗೆ ಎಡಗೈ ಆನಿಸಿ, ಆಫೀಸಿನ ದೊಡ್ಡ ಸಾಹೇಬರಿಗೆ ಸುರಿಯುವ ಹಾಗೆ, ತಲೆ ತಗ್ಗಿಸಿ, ಒಂದು ಹನಿಯೂ ಚೆಲ್ಲದಂತೆ ಲೋಟ ತುಂಬಿಸಿದ.

"ತಗೊಳ್ಳಿ, ಮೇಸ್ತ್ರಿಗಳೇ," ಅಂದ.