ಮುತ್ತಣ್ಣನ ಒಪ್ಪಿಗೆ

ಚಿತ್ರ, ವಿಡಿಯೊ ತೆಗೆದವರು ಒಪ್ಪದಿದ್ದರೆ ಅವು ಉಳಿದವರ ಕಣ್ಣಿಗೆ ಬರೀ ಬಿಳಿಯಾಗಿ ಕಾಣುವ ಕಾಲವದು. ಗದಗಿನ ನೀಲಾಂಬಿಕೆ, ನಾಟಕ ಕಂಪನಿಯ ನಟನಾಗಿದ್ದ ತನ್ನ ಅಣ್ಣ ವಿರೂಪಾಕ್ಷ ತೀರಿಕೊಂಡ ಮೇಲೆ ಅವನ ನೆನಪಿಗೊಂದು ವೆಬ್‌ಸೈಟ್ ಮಾಡಿದಳು. ಅವನ ಕೊನೆಯ ನಾಟಕದ ವಿಡಿಯೊ ಮಾತ್ರ ಅದರಲ್ಲಿ ದನಿಯೂ ಇಲ್ಲದೆ ಬೆಳ್ಳಗಿತ್ತು. ಅದನ್ನು ತೆಗೆದಿದ್ದವನು ಅಣ್ಣನ ಗೆಳೆಯ ಮುತ್ತಣ್ಣ. ಒಪ್ಪಿಗೆ ಕೇಳಲು ಅವಳು ಅವನ ಮನೆಗೇ ಹೋದಳು.

"ಕೆಳಗ ನಿಮ್ಮ ಹೆಸರು ಹಾಕ್ತೀನ್ರಿ ಅಣ್ಣಾರ. ನೀವು ಹೂಂ ಅಂದ್ರ ಸಾಕು."

ಮುತ್ತಣ್ಣ ತಲೆ ಅಲ್ಲಾಡಿಸಿದ. "ಹೆಸರಿನ ಮಾತಲ್ಲ ತಂಗಿ. ಅವತ್ತು ಅಂವ ಸ್ಟೇಜಿನ ಮ್ಯಾಲ ಮಾತು ಮರತು ನಿಂತಿದ್ದ. ಆಮ್ಯಾಲ ನಾ ಒಳಗ ಹೋದಾಗ, 'ಇದನ್ನ ಯಾರಿಗೂ ತೋರಿಸಬ್ಯಾಡ' ಅಂತ ನನ್ನ ಕೈ ಹಿಡಕೊಂಡ. ನಾನು ಆತು ಅಂದೆ."

ನೀಲಾಂಬಿಕೆ ವೆಬ್‌ಸೈಟ್ ತೆರೆದಿದ್ದ ಫೋನನ್ನು ಕೆಳಗಿಟ್ಟಳು. "ನಾ ಆ ನಾಟಕಕ್ಕ ಹೋಗಿರಲಿಲ್ಲರಿ."

ಅವನು ಅವಳ ಫೋನು ತೆಗೆದುಕೊಂಡು ವಿಡಿಯೊ ಒತ್ತಿದ. ಅವಳಿಗೆ ಕಾಣದ್ದನ್ನು ತಾನು ನೋಡುತ್ತ ಮೆಲ್ಲಗೆ ಹೇಳತೊಡಗಿದ.

"ಸುಮ್ನ ನಿಂತಾನ. ಯಾರೂ ನಗವಲ್ಲರು. ಕಿರೀಟ ತೆಗದು, ತಲಿ ಬಗ್ಗಿಸಿ ಕೈ ಮುಗದ. ಒಳಗ ಹೊಂಟ. ಈಗ ಜನ ಎದ್ದು ನಿಂತರು, ಎಲ್ಲಾರೂ."

"ಅಣ್ಣ ಅದನ್ನ ನೋಡಿದನೇನ್ರಿ?"

"ಇಲ್ಲ. ಅಂವ ತಿರುಗಿ ನೋಡಲಿಲ್ಲ."

ನೀಲಾಂಬಿಕೆ ಫೋನು ಇಸಿದುಕೊಂಡು, ಅಲ್ಲೇ ಕೂತು ವಿಡಿಯೊವನ್ನು ವೆಬ್‌ಸೈಟಿನಿಂದ ಅಳಿಸಿದಳು.

"ಜನ ಎದ್ದು ನಿಂತಿದ್ದನ್ನ ಬರೀಲೇನ್ರಿ?"

"ಬರಿ," ಎಂದ ಮುತ್ತಣ್ಣ. "ಅದನ್ನ ನಾನೂ ಅವಗ ಹೇಳಲಿಲ್ಲ."